ಅಪ್‌ಡೇಟ್ ಬಂತಾ ಮಾರಾಯ?

ಸಂಜೆ ಶಾಲೆ ಬಿಟ್ಟ ಮೇಲೆ ಬೆಳ್ಳಾರೆ ಪೇಟೆಯಲ್ಲಿ ಬಸ್ಸಿಗೆ ಕಾಯುವ ಹುಡುಗರ ನಡುವೆ ಒಂದೆರಡು ತಿಂಗಳಿಗೊಮ್ಮೆ ಈ ಪ್ರಶ್ನೆ ತಪ್ಪದೆ ಏಳುತ್ತದೆ. "ಅಪ್‌ಡೇಟ್ ಬಂತಾ ಮಾರಾಯ?" "ಬಂತು, ಆದರೆ ಡೌನ್‌ಲೋಡ್ ಆಗ್ಲಿಕ್ಕೆ ಅಪ್ಪನ ಮೊಬೈಲಲ್ಲಿ ಜಾಗ ಇಲ್ಲ." ದಿನಕ್ಕೆ ಒಂದೂವರೆ ಜಿಬಿಯ ರೀಚಾರ್ಜ್ ಹಾಕಿಸಿಕೊಂಡ ಮನೆಗಳಲ್ಲಿ ಅಂದು ಮಧ್ಯಾಹ್ನಕ್ಕೇ ನೆಟ್ ಮುಗಿದಿರುತ್ತದೆ. ಪೇಟೆ ಧಾರಣೆ ನೋಡಲು ಹೊರಟ ಅಡಿಕೆ ಬೆಳೆಗಾರ ಅಪ್ಪನಿಗೆ ಪರದೆಯಲ್ಲಿ ಸುತ್ತುತ್ತಿರುವ ಒಂದು ಚಕ್ರ ಮಾತ್ರ ಕಾಣಿಸುತ್ತದೆ. ಏನಾಯಿತೆಂದು ಕೇಳಿದರೆ ಮಗನ ಉತ್ತರ, "ಗೇಮಿನ ಅಪ್‌ಡೇಟ್ ಅಪ್ಪ, ಅದು ಮಾಡದಿದ್ದರೆ ಓಪನ್ನೇ ಆಗುವುದಿಲ್ಲ."

ಹೆಚ್ಚಿನ ಹೆತ್ತವರು ಅಪ್‌ಡೇಟ್ ಎಂದರೆ ಕೆಟ್ಟದ್ದನ್ನು ರಿಪೇರಿ ಮಾಡುವುದು ಎಂದುಕೊಂಡಿದ್ದಾರೆ. ಬ್ಯಾಂಕಿನ ಆ್ಯಪ್‌ಗೆ ಅದು ಬಹುಮಟ್ಟಿಗೆ ನಿಜ. ಆದರೆ ಹತ್ತಾರು ಮಂದಿ ಏಕಕಾಲಕ್ಕೆ ಪರಸ್ಪರ ಹೋರಾಡುವ ಆನ್‌ಲೈನ್ ಆಟಗಳಲ್ಲಿ ಅಪ್‌ಡೇಟ್ ಎಂಬುದಕ್ಕೆ ಬೇರೆಯೇ ಅರ್ಥವಿದೆ. ಅದು ಆಟದ ಕಾನೂನಿನ ತಿದ್ದುಪಡಿ. ಹೊಸ ಆಯುಧ ಬರುತ್ತದೆ, ಹಳೆಯದರ ಬಲ ಕುಗ್ಗುತ್ತದೆ, ನಿನ್ನೆಯವರೆಗೆ ಯಾರೂ ತಿರುಗಿ ನೋಡದಿದ್ದ ಮೂಲೆಯಲ್ಲಿ ಇಂದು ಎಲ್ಲರೂ ಸೆಣಸಾಡಬೇಕಾದ ಒಂದು ಗುರಿ ಹುಟ್ಟಿಕೊಳ್ಳುತ್ತದೆ. ಇದನ್ನೆಲ್ಲ ಯಾರೋ ಕುಳಿತು ಲೆಕ್ಕ ಹಾಕಿಯೇ ಮಾಡುತ್ತಾರೆ. ಆ ಲೆಕ್ಕ ಏನೆಂಬುದು ಮಕ್ಕಳಿಗೂ ತಿಳಿದಿಲ್ಲ, ಹೆತ್ತವರಿಗೂ ತಿಳಿದಿಲ್ಲ. ಮನೆಯ ಜಗಳದ ಅರ್ಧ ಪಾಲು ಅಲ್ಲಿಂದಲೇ ಏಳುತ್ತದೆ.

ಆಟದ ನಿಯಮ ಬದಲಾಗುವುದೇನೂ ಹೊಸತಲ್ಲ. ಚದುರಂಗದ ರಾಣಿಯನ್ನೇ ನೋಡಿ. ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ಯೂರೋಪಿನವರು ಅದರ ನಡೆಯನ್ನು ತಿದ್ದುವ ತನಕ ಅದು ಮೂಲೆಗೆ ಒಂದೇ ಮನೆ ಸರಿಯುವ ಬಡಪಾಯಿ ಮಂತ್ರಿಯಾಗಿತ್ತು. ತಿದ್ದಿದ ಮೇಲೆ ಇಡೀ ಮಣೆಯಲ್ಲಿ ಅದರಷ್ಟು ಬಲ ಇನ್ನೊಂದು ಕಾಯಿಗಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಗಂಜೀಫ ಎಲೆಗಳಲ್ಲಿ ಹೊಸ ಹೊಸ ಆಟಗಳನ್ನೇ ಕಟ್ಟಿದರು. 36 ಎಲೆಗಳಿಂದ 360 ಎಲೆಗಳವರೆಗಿನ ಈ ಆಟಗಳ ವಿವರ ಅವರ 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಭಾಗದಲ್ಲಿದೆ. ಮುನ್ನೂರರವತ್ತು ಎಲೆಯ ಆಟ ಯಾರಿಗೆ ನೆನಪಿರುತ್ತಿತ್ತೋ, ಅರಮನೆಯಲ್ಲಿ ಪುರುಸೊತ್ತು ಧಾರಾಳವಾಗಿದ್ದಿರಬೇಕು.

ತುಳುನಾಡಿನ ಚೆನ್ನೆಮಣೆಯ ಸ್ವಭಾವ ಇದಕ್ಕೆ ತದ್ವಿರುದ್ಧ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಕಾಯಿ. ಊರಿನಿಂದ ಊರಿಗೆ ಆಟದ ಬಗೆ ಬೇರೆಯಾದರೂ ಒಂದು ಮನೆಯಲ್ಲಿ ಅಜ್ಜಿ ಆಡಿದಂತೆಯೇ ಮೊಮ್ಮಗಳೂ ಆಡಿದಳು. ಆಟಿಯ ಮಳೆಯಲ್ಲಿ ಗದ್ದೆ ಕೆಲಸ ನಿಂತಾಗ ಅಟ್ಟದಿಂದ ಇಳಿದ ಮಣೆ, ಹಲವು ಮನೆಗಳಲ್ಲಿ ಆಟಿ ಕಳೆದೊಡನೆ ಮತ್ತೆ ಅಟ್ಟ ಸೇರುತ್ತಿತ್ತು. ಅಂದರೆ ಆ ಆಟಕ್ಕೆ ಕೊನೆ ಎಂಬುದಿತ್ತು. ಮೊಬೈಲಿನ ಆಟಕ್ಕೆ ಆ ಕೊನೆ ಬರದಂತೆ ನೋಡಿಕೊಳ್ಳುವುದೂ ಅಪ್‌ಡೇಟಿನ ಕೆಲಸಗಳಲ್ಲಿ ಒಂದು.

ಈ ಭಾಗದ ಮಕ್ಕಳಿಗೆ ಹೆಚ್ಚು ಪರಿಚಿತವಾದ ಆಟ ಪಬ್‌ಜಿ. ಬ್ರೆಂಡನ್ ಗ್ರೀನ್ ಎಂಬ ಐರ್ಲೆಂಡಿನವನ ಕಲ್ಪನೆ, ದಕ್ಷಿಣ ಕೊರಿಯಾದ ಕಂಪೆನಿಯ ಬಂಡವಾಳ, ಮೊಬೈಲಿಗೆ ಇಳಿಸಿದ್ದು ಚೀನಾದ ಟೆನ್ಸೆಂಟ್. ಮೊಬೈಲ್ ಆವೃತ್ತಿ ಬಂದದ್ದು 2018ರಲ್ಲಿ. ಗಡಿಯಲ್ಲಿ ಚೀನಾದೊಡನೆ ಘರ್ಷಣೆ ನಡೆದ ವರ್ಷ, 2020ರ ಸೆಪ್ಟೆಂಬರ್ 2ರಂದು, ಕೇಂದ್ರ ಸರಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಇದೂ ಸೇರಿತ್ತು. 2021ರ ಜುಲೈ 2ರಂದು ಕೊರಿಯಾದ ಕ್ರಾಫ್ಟನ್ ಕಂಪೆನಿ ಅದನ್ನೇ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂಬ ಹೆಸರಿನಲ್ಲಿ ತಂದಿತು. ಹುಡುಗರ ಬಾಯಲ್ಲಿ ಅದು ಬಿಜಿಎಂಐ. 2022ರ ಜುಲೈ 28ರಂದು ಅದೂ ಆ್ಯಪ್ ಅಂಗಡಿಗಳಿಂದ ಮಾಯವಾಯಿತು. ಮರಳಿದ್ದು 2023ರ ಮೇ ತಿಂಗಳ ಕೊನೆಯಲ್ಲಿ, ಒಂದಷ್ಟು ಷರತ್ತುಗಳೊಂದಿಗೆ. ಆ ಷರತ್ತುಗಳ ಸಂಗತಿ ಮುಂದೆ ಬರುತ್ತದೆ.

ಮರಳಿ ಬಂದಾಗಿನ ಅಪ್‌ಡೇಟಿನಲ್ಲಿ 'ನೂಸಾ' ಎಂಬ ಹೊಸ ದ್ವೀಪವಿತ್ತು. ಹಗ್ಗ ಹಿಡಿದು ಜಾರಿಕೊಂಡು ಹೋಗುವ ಜಿಪ್‌ಲೈನ್, ಇಬ್ಬರು ಕೂರುವ ನಾಲ್ಕು ಗಾಲಿಯ ಬಂಡಿ ಮುಂತಾದ ಹೊಸ ವಸ್ತುಗಳೂ ಇದ್ದವು. ಹುಡುಗರು ಇವುಗಳನ್ನೇ ಕೊಂಡಾಡಿದರು. ಆದರೆ ನಿಜವಾಗಿ ಗಮನಿಸಬೇಕಾದದ್ದು ದ್ವೀಪದ ಅಳತೆ. ಈ ಆಟದ ಹಳೆಯ ಮತ್ತು ಪ್ರಸಿದ್ಧ ಭೂಪಟ 'ಇರಾಂಗೆಲ್' 8 ಕಿಲೋಮೀಟರ್ ಉದ್ದ, 8 ಕಿಲೋಮೀಟರ್ ಅಗಲ. ಬೆಳ್ಳಾರೆ ಪೇಟೆಯ ನಡುವೆ ನಿಂತು ನಾಲ್ಕೂ ದಿಕ್ಕಿಗೆ ನಾಲ್ಕು ನಾಲ್ಕು ಕಿಲೋಮೀಟರ್ ಅಳೆದರೆ ಎಷ್ಟು ಗುಡ್ಡ, ಎಷ್ಟು ತೋಟ ಒಳಗೆ ಬರುತ್ತದೆಂದು ಊಹಿಸಿಕೊಳ್ಳಿ. ಒಟ್ಟು 64 ಚದರ ಕಿಲೋಮೀಟರ್. ಅಷ್ಟು ಜಾಗದಲ್ಲಿ 100 ಮಂದಿ ಆಟಗಾರರು. ಸಮಾಜ ಪಾಠದ ಜನಸಾಂದ್ರತೆಯ ಸೂತ್ರವನ್ನೇ ಹಾಕಿದರೆ ಚದರ ಕಿಲೋಮೀಟರಿಗೆ ಒಂದೂವರೆ ಆಳು. ನೂಸಾ ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲ, ಆಟಗಾರರು 32. ಅಂದರೆ ಸಾಂದ್ರತೆ ಸುಮಾರು ಇಪ್ಪತ್ತು ಪಟ್ಟು.

ಇಪ್ಪತ್ತು ಪಟ್ಟು ಒತ್ತೊತ್ತಾಗಿ ನಿಂತವರು ಬೇಗ ಎದುರುಬದುರಾಗುತ್ತಾರೆ, ಬೇಗ ಸೋಲುತ್ತಾರೆ. ಬಾಟ್ಲಿಯೊಳಗೆ ಅನಿಲವನ್ನು ಒತ್ತಿದಾಗ ಅಣುಗಳ ಡಿಕ್ಕಿ ಹೆಚ್ಚುವಂತೆಯೇ ಇದು. ಇರಾಂಗೆಲ್‌ನಲ್ಲಿ ಅರ್ಧ ಗಂಟೆ ಹಿಡಿಯುತ್ತಿದ್ದ ಪಂದ್ಯ ಇಲ್ಲಿ ಸುಮಾರು ಎಂಟು ನಿಮಿಷದಲ್ಲಿ ಮುಗಿಯುತ್ತದೆ. ಎಂಟು ನಿಮಿಷ ಎಂದರೆ ಶಾಲೆಯ ಸಣ್ಣ ಬಿಡುವಿನಲ್ಲಿಯೂ ಒಂದು ಪಂದ್ಯ ಆಗುತ್ತದೆ. ಹಾಗೆಂದು ಮಕ್ಕಳ ಆಟದ ಹೊತ್ತು ಕಡಿಮೆಯಾಗುತ್ತದೆಯೇ? ಪಂದ್ಯ ಚಿಕ್ಕದಾದಷ್ಟೂ "ಇನ್ನೊಂದೇ ಒಂದು" ಎನ್ನುವುದು ಸುಲಭ. ಒಂದು ಪೊಟ್ಟಣ ಚಕ್ಕುಲಿಗಿಂತ ಬಿಡಿ ಚಕ್ಕುಲಿ ಹೆಚ್ಚು ಖರ್ಚಾಗುವುದನ್ನು ಅಂಗಡಿಯವರೆಲ್ಲ ಬಲ್ಲರು.

ಇನ್ನು ವಸ್ತುಗಳ ವಿಷಯ. ವಿದ್ಯಾರ್ಥಿಗಳು ಇಲ್ಲಿ ಕಾಗದ ಪೆನ್ಸಿಲ್ ತೆಗೆದುಕೊಳ್ಳುವುದು ಒಳ್ಳೆಯದು. ಈ ಆಟದಲ್ಲಿ ಆಟಗಾರನ ಜೀವಬಲ 100 ಅಂಕ. ತಲೆಗೆ ಹಾಕುವ ಹೆಲ್ಮೆಟ್ ಮೂರು ದರ್ಜೆಯದು. ಮೊದಲನೆಯದು ಪೆಟ್ಟನ್ನು ಶೇಕಡಾ 30ರಷ್ಟು, ಎರಡನೆಯದು 40ರಷ್ಟು, ಮೂರನೆಯದು 55ರಷ್ಟು ತಗ್ಗಿಸುತ್ತದೆ. ಒಂದು ಬಂದೂಕಿನ ಗುಂಡಿಗೆ 40 ಅಂಕದ ಪೆಟ್ಟು ಎಂದಿಟ್ಟುಕೊಳ್ಳಿ. ದೂರ, ತಾಗಿದ ಜಾಗ ಮುಂತಾದ ಲೆಕ್ಕಗಳನ್ನು ಸದ್ಯಕ್ಕೆ ಬದಿಗಿಡೋಣ. ಹೆಲ್ಮೆಟ್ ಇಲ್ಲದವನು ಮೂರು ಗುಂಡಿಗೆ ಬೀಳುತ್ತಾನೆ. ಒಂದನೇ ದರ್ಜೆಯ ಹೆಲ್ಮೆಟ್ ಇದ್ದರೆ ಪೆಟ್ಟು 28ಕ್ಕೆ ಇಳಿಯುತ್ತದೆ, ನಾಲ್ಕು ಗುಂಡು ಬೇಕು. ಎರಡನೆಯದರಲ್ಲಿ ಪೆಟ್ಟು 24. ನಾಲ್ಕು ಗುಂಡಿಗೆ 96 ಆಗಿ ನಾಲ್ಕು ಅಂಕದ ಜೀವ ಉಳಿಯುತ್ತದೆ, ಆದ್ದರಿಂದ ಐದು. ಮೂರನೆಯದರಲ್ಲಿ ಪೆಟ್ಟು 18, ಗುಂಡು ಆರು.

ಈಗ ಒಂದು ಅಪ್‌ಡೇಟ್ ಬಂದು ಆ ಬಂದೂಕಿನ ಪೆಟ್ಟು 40ರಿಂದ 43ಕ್ಕೆ ಏರಿತು ಎನ್ನಿ. ಮೂರೇ ಅಂಕ, ಏನು ಮಹಾ ಎನಿಸುತ್ತದೆ. ಲೆಕ್ಕ ಮಾಡಿ ನೋಡಿ. ಹೆಲ್ಮೆಟ್ ಇಲ್ಲದವನಿಗೆ ಆಗಲೂ ಮೂರು ಗುಂಡು, ಈಗಲೂ ಮೂರು. ಒಂದನೇ ದರ್ಜೆಯವನಿಗೆ ಪೆಟ್ಟು 30.1, ಗುಂಡು ನಾಲ್ಕೇ. ಮೂರನೇ ದರ್ಜೆಯವನಿಗೆ 19.35, ಐದು ಗುಂಡಿಗೆ 96.75 ಆಗುತ್ತದೆ, ಆದ್ದರಿಂದ ಆರೇ. ಆದರೆ ಎರಡನೇ ದರ್ಜೆಯವನಿಗೆ 25.8, ನಾಲ್ಕು ಗುಂಡಿಗೇ 103 ದಾಟಿತು! ಐದು ಇದ್ದದ್ದು ನಾಲ್ಕಾಯಿತು. ಅಂದರೆ ನಿನ್ನೆಯವರೆಗೆ ಒಂದನೇ ದರ್ಜೆಯ ಹೆಲ್ಮೆಟ್ಟಿಗಿಂತ ಮೇಲಾಗಿದ್ದ ಎರಡನೇ ದರ್ಜೆಯದು ಈ ಬಂದೂಕಿನ ಎದುರು ಇಂದು ಅದಕ್ಕೆ ಸಮ. ಯಾರೂ ಹೆಲ್ಮೆಟ್ಟನ್ನು ಮುಟ್ಟಿಯೇ ಇಲ್ಲ, ಅದರ ಬೆಲೆ ಮಾತ್ರ ಇಳಿಯಿತು.

ಗುಂಡನ್ನು ಅರ್ಧ ಹಾರಿಸಲಿಕ್ಕಾಗುವುದಿಲ್ಲ ಎಂಬುದೇ ಇದರ ಗುಟ್ಟು. ಭಾಗಾಕಾರದಲ್ಲಿ ಬಂದ ಉತ್ತರವನ್ನು ಮೇಲಿನ ಪೂರ್ಣಾಂಕಕ್ಕೆ ಏರಿಸಬೇಕಾದಲ್ಲೆಲ್ಲ ಹೀಗೆ ಮೆಟ್ಟಿಲುಗಳು ಉಂಟಾಗುತ್ತವೆ. ಮೆಟ್ಟಿಲಿನ ನಡುವೆ ಎಷ್ಟು ಬದಲಾದರೂ ಪರಿಣಾಮವಿಲ್ಲ. ಅಂಚಿನಲ್ಲಿ ಕೂದಲೆಳೆಯಷ್ಟು ಬದಲಾದರೂ ಆಟ ತಿರುಗುತ್ತದೆ. 50 ಮಕ್ಕಳು ಕೂರುವ ಬಸ್ಸಿನಲ್ಲಿ ಪ್ರವಾಸ ಹೊರಟ ಶಾಲೆಗೆ 51ನೆಯ ಮಗು ಬಂದರೆ ಆಗುವ ಪಾಡೂ ಇದೇ. 'ಹೊಸ ಗನ್ ಸೂಪರ್' ಎನ್ನುವ ವಿಡಿಯೋಗಳ ಕೂಗಾಟದ ಹಿಂದೆ ಇಷ್ಟು ತಣ್ಣನೆಯ ಗಣಿತವಿದೆ. ಅದನ್ನು ತಾವೇ ಮಾಡಿ ನೋಡುವ ಹುಡುಗರು ತೀರಾ ಕಡಿಮೆ; ಮಾಡಿ ನೋಡಿದವರಿಗೆ ಶೇಕಡಾವಾರು ಲೆಕ್ಕ ಜನ್ಮಕ್ಕೆ ಮರೆಯದು.

ಆಯುಧಕ್ಕಿಂತ ಸೂಕ್ಷ್ಮವಾದದ್ದು 'ಗುರಿ'. ಕಂಪ್ಯೂಟರಿನಲ್ಲಿ ಐದೈದು ಮಂದಿಯ ಎರಡು ತಂಡಗಳು ಆಡುವ 'ಡೋಟಾ 2' ಇದಕ್ಕೆ ಒಳ್ಳೆಯ ಉದಾಹರಣೆ. 2022ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಸ್ಪರ್ಧೆಯಲ್ಲಿ ಭಾರತದ ತಂಡ ಕಂಚು ಗೆದ್ದದ್ದು ಇದೇ ಆಟದಲ್ಲಿ. ಎದುರಾಳಿಯ ಕೋಟೆಯನ್ನು ಕೆಡವುವುದು ಕೊನೆಯ ಗುರಿ. ಆದರೆ ಅಷ್ಟೇ ಇದ್ದಿದ್ದರೆ ಎರಡೂ ತಂಡಗಳು ತಮ್ಮ ತಮ್ಮ ಕೋಟೆಯೊಳಗೆ ಬೆಚ್ಚಗೆ ಕುಳಿತುಬಿಡುತ್ತಿದ್ದವು. ಆದ್ದರಿಂದ ನಡುವೆ ಒಂದು ಗುಹೆಯಲ್ಲಿ ರೋಷನ್ ಎಂಬ ದೈತ್ಯನನ್ನು ಇಟ್ಟಿದ್ದಾರೆ. ಅವನನ್ನು ಕೊಂದ ತಂಡದ ಒಬ್ಬನಿಗೆ ಎರಡನೆಯ ಜೀವ ಸಿಗುತ್ತದೆ. ಆ ಆಸೆಗೆ ಇಬ್ಬರೂ ಹೊರಗೆ ಬರಬೇಕು, ಎದುರಾಗಬೇಕು. 2023ರ ಏಪ್ರಿಲ್‌ನಲ್ಲಿ ಬಂದ ದೊಡ್ಡ ಅಪ್‌ಡೇಟ್ ಭೂಪಟವನ್ನು ಶೇಕಡಾ 40ರಷ್ಟು ಹಿಗ್ಗಿಸಿತು. ರೋಷನ್ನನಿಗೆ ಎರಡು ಗುಹೆ ಕೊಟ್ಟು ಹಗಲೊಂದು ಕಡೆ, ರಾತ್ರಿ ಇನ್ನೊಂದು ಕಡೆ ಇರುವಂತೆ ಮಾಡಿತು. ಜತೆಗೆ 'ಟಾರ್ಮೆಂಟರ್' ಎಂಬ ಎರಡು ಹೊಸ ಗುರಿಗಳನ್ನು ಇಟ್ಟಿತು. ಇದಕ್ಕೆ ಹೊಡೆದ ಪೆಟ್ಟಿನ ಒಂದು ಪಾಲು ಹೊಡೆದವರಿಗೇ ತಿರುಗಿ ಬರುತ್ತಿತ್ತು. ಆದ್ದರಿಂದ ಒಬ್ಬಂಟಿ ವೀರನಿಗೆ ಇದು ದಕ್ಕುವಂಥದ್ದಲ್ಲ, ತಂಡವೇ ಬೇಕು. ವರ್ಷಗಟ್ಟಲೆ ಒಂದೇ ಗುಹೆಯ ಸುತ್ತ ಹೊಂಚು ಹಾಕಿ ಪಳಗಿದವರೆಲ್ಲ ಒಂದೇ ದಿನದಲ್ಲಿ ಹೊಸ ವಿದ್ಯಾರ್ಥಿಗಳಾದರು.

ಗುರಿ ಎಂಬುದು ಜನರನ್ನು ಹೇಗೆ ಒಂದೆಡೆಗೆ ಎಳೆಯುತ್ತದೆಂದು ತಿಳಿಯಲು ಬೆಳ್ಳಾರೆಯ ಮಕ್ಕಳು ಕಂಪ್ಯೂಟರಿನ ಎದುರು ಕೂರಬೇಕಾಗಿಲ್ಲ, ಊರಿನ ಬಂಗ್ಲೆಗುಡ್ಡೆ ಹತ್ತಿದರೆ ಸಾಕು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಇಂಗ್ಲಿಷರು ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ನಗದು ಕಟ್ಟಬೇಕಾಯಿತು. ಹೀಗೆ ಸಂಗ್ರಹವಾದ ಹಣ ಇದ್ದದ್ದು ಬೆಳ್ಳಾರೆಯ ಖಜಾನೆಯಲ್ಲಿ. 1837ರ ಮಾರ್ಚ್ ಕೊನೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ಹೊರಟ ರೈತರು ನೇರವಾಗಿ ಮಂಗಳೂರಿಗೆ ಹೋಗಲಿಲ್ಲ. ಮೊದಲು ಕೈವಶ ಮಾಡಿಕೊಂಡದ್ದು ಈ ಖಜಾನೆಯನ್ನು. ದಂಡಿಗೆ ಹಣ ದೊರೆಯಿತು, ಕಂಪೆನಿ ಸರಕಾರವನ್ನು ಸೋಲಿಸಬಹುದೆಂಬ ಸುದ್ದಿ ಹಬ್ಬಿತು, ದಾರಿಯುದ್ದಕ್ಕೂ ಜನ ಸೇರಿದರು. ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಅವರ ಧ್ವಜ ಏರಿತು. ಅದು ಪ್ರಾಣ ಪಣಕ್ಕಿಟ್ಟವರ ಹೋರಾಟ, ಅನೇಕರು ಗಲ್ಲಿಗೇರಿದರು; ಅದನ್ನು ಆಟಕ್ಕೆ ಹೋಲಿಸುವುದು ತರವಲ್ಲ. ಆದರೂ ಕೊನೆಯ ಗುರಿಗೆ ಹೋಗುವ ಮೊದಲು ದಾರಿಯ ಯಾವ ಗುರಿಯನ್ನು ಹಿಡಿಯಬೇಕು ಎಂಬ ಯೋಚನೆ ಏನೆಂಬುದನ್ನು ಆ ಗುಡ್ಡೆಯಷ್ಟು ಚೆನ್ನಾಗಿ ಯಾವ ಪರದೆಯೂ ಕಲಿಸಲಾರದು. ಬಂದೂಕಿನ ಹೆಸರುಗಳನ್ನು ಸರಾಗವಾಗಿ ಹೇಳುವ ಎಷ್ಟು ಹುಡುಗರು ಆ ಗುಡ್ಡೆ ಹತ್ತಿದ್ದಾರೋ!

ಇಲ್ಲಿಯವರೆಗೆ ಹೇಳಿದ್ದು ಪಂದ್ಯದ ಒಳಗಿನ ಗುರಿಗಳನ್ನು. ಅವುಗಳಲ್ಲಿ ಬುದ್ಧಿಗೆ ಕೆಲಸವಿದೆ, ಜತೆಗಾರರೊಡನೆ ಹೊಂದಿಕೊಳ್ಳುವ ಅಭ್ಯಾಸವಿದೆ. ಅಪ್‌ಡೇಟಿನೊಂದಿಗೆ ಇನ್ನೊಂದು ಜಾತಿಯ ಗುರಿಗಳೂ ಬರುತ್ತವೆ. ಹೆತ್ತವರು ತಿಳಿಯಲೇಬೇಕಾದದ್ದು ಇವನ್ನು. 'ಇಂದು ಮೂರು ಪಂದ್ಯ ಆಡು', 'ಏಳು ದಿನ ಬಿಡದೆ ಹಾಜರಾಗು', 'ಈ ವಾರ ಇಷ್ಟು ದೂರ ಬಂಡಿ ಓಡಿಸು' ಎಂಬಂಥವು. ಇವಕ್ಕೆ ಮಿಷನ್ ಎಂದು ಹೆಸರು. ಇವುಗಳಿಂದ ಪಂದ್ಯ ಗೆಲ್ಲುವುದಿಲ್ಲ. ಸಿಗುವುದು ಒಂದಷ್ಟು ಅಂಕ, ಅಂಕಕ್ಕೆ ಬಣ್ಣದ ಅಂಗಿ, ಬಂದೂಕಿಗೆ ಚಿತ್ತಾರ. ಋತುವಿಗೊಮ್ಮೆ ಹಣ ಕೊಟ್ಟು ಪಾಸ್ ಕೊಂಡರೆ ಅಂಗಿ ಇನ್ನೂ ಚೆಂದದ್ದು. ಋತು ಮುಗಿದರೆ ಆ ಸಾಲು ಮುಚ್ಚುತ್ತದೆ, ಹೊಸ ಅಪ್‌ಡೇಟಿನಲ್ಲಿ ಹೊಸ ಸಾಲು ತೆರೆಯುತ್ತದೆ. ಮೊದಲ ಜಾತಿಯ ಗುರಿ ಆಟವನ್ನು ಚೆನ್ನಾಗಿಸಲು ಇಟ್ಟದ್ದು. ಎರಡನೆಯ ಜಾತಿಯದು ಹುಡುಗ ನಾಳೆಯೂ ಬರಲಿ ಎಂದು ಇಟ್ಟದ್ದು. ಏಳನೆಯ ದಿನ ಜ್ವರ ಬಂದು ಮಲಗಿದ ಮಗ ಕಳ್ಳತನದಿಂದ ಮೊಬೈಲು ತೆಗೆಯುವುದು ಆಟದ ಆಸೆಗಲ್ಲ, ಆರು ದಿನದ ಹಾಜರಿ ಹಾಳಾಗುತ್ತದಲ್ಲ ಎಂಬ ಸಂಕಟಕ್ಕೆ.

ಇದರೊಡನೆ ಪೆಟ್ಟಿಗೆಗಳು. ತೆರೆದರೆ ಏನು ಬರುತ್ತದೆಂದು ಮೊದಲೇ ತಿಳಿಯದು. ಅಪರೂಪದ ಉಡುಪು ನೂರಕ್ಕೆ ಒಂದರ ಪ್ರಮಾಣದಲ್ಲಿ ಸಿಗುತ್ತದೆ ಎನ್ನೋಣ. "ಹಾಗಾದರೆ ನೂರು ಪೆಟ್ಟಿಗೆ ತೆರೆದರೆ ಒಂದು ಸಿಕ್ಕೇ ಸಿಗುತ್ತದೆ" ಎಂಬುದು ಮಕ್ಕಳ ವಾದ. ಸಂಭವನೀಯತೆಯ ಪಾಠ ಹಾಗೆ ಹೇಳುವುದಿಲ್ಲ. ಒಂದು ಪೆಟ್ಟಿಗೆಯಲ್ಲಿ ಸಿಗದಿರುವ ಸಂಭವ 0.99. ಅದನ್ನು ಅದರಿಂದಲೇ ನೂರು ಸಲ ಗುಣಿಸಿದರೆ ಸುಮಾರು 0.37. ಎಂದರೆ ನೂರು ಪೆಟ್ಟಿಗೆ ತೆರೆದ ನೂರು ಹುಡುಗರಲ್ಲಿ ಸುಮಾರು 37 ಮಂದಿ ಬರಿಗೈಯಲ್ಲಿ ಎದ್ದು ಹೋಗುತ್ತಾರೆ. ಇನ್ನೂರು ತೆರೆದರೂ ಹದಿಮೂರು ಮಂದಿಗೆ ಇಲ್ಲ. ಯಾವಾಗ ಸಿಗುತ್ತದೆಂದು ತಿಳಿಯದ ಬಹುಮಾನಕ್ಕಾಗಿ ಜೀವಿಗಳು ಬಿಡದೆ ಗುಂಡಿ ಒತ್ತುತ್ತಲೇ ಇರುತ್ತವೆಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗಿಸಿ ತೋರಿಸಿ ಎಷ್ಟೋ ದಶಕಗಳಾದವು. ಬೆಲ್ಜಿಯಂ ದೇಶ 2018ರಲ್ಲಿ ಹಣ ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು. ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ, ಇ-ಸ್ಪೋರ್ಟ್ಸನ್ನು ಕ್ರೀಡೆಯೆಂದು ಒಪ್ಪುತ್ತದೆ. ಬಣ್ಣದ ಅಂಗಿಗೆ ಹೋಗುವ ದುಡ್ಡಿನ ಕಾವಲು ಮಾತ್ರ ಮನೆಯವರದೇ.

ಈಗ ಷರತ್ತುಗಳ ಸಂಗತಿ. 2023ರಲ್ಲಿ ಬಿಜಿಎಂಐ ಮರಳಿದಾಗ ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆ, ದೊಡ್ಡವರಿಗೆ ಆರು ಗಂಟೆ ಎಂಬ ಮಿತಿ ಹಾಕಲಾಯಿತು. ಇದನ್ನು ಮಕ್ಕಳು ಮನೆಯಲ್ಲಿ, "ಕಂಪೆನಿಯೇ ಮೂರು ಗಂಟೆ ಬಿಡುತ್ತದೆ" ಎಂದು ಹಕ್ಕಿನಂತೆ ಹೇಳುವುದುಂಟು. ಚೀನಾದಲ್ಲಿ 2021ರ ಸೆಪ್ಟೆಂಬರಿನಿಂದ ಇದೇ ವಯಸ್ಸಿನವರಿಗೆ ಹಾಕಿದ ಮಿತಿ ಸಾಮಾನ್ಯವಾಗಿ ವಾರಕ್ಕೆ ಮೂರು ಗಂಟೆ: ಶುಕ್ರ, ಶನಿ, ಭಾನುವಾರಗಳಂದು ರಾತ್ರಿ ಎಂಟರಿಂದ ಒಂಬತ್ತು. ಅದು ತೀರಾ ಬಿಗಿ ಎನ್ನಬಹುದು. ಆದರೆ ಶಾಲೆ, ಬಸ್ಸು, ಊಟ, ನಿದ್ದೆ ಕಳೆದು ಉಳಿಯುವ ಹೊತ್ತಿನಲ್ಲಿ ಮೂರು ಗಂಟೆ ಎಂದರೆ ಓದಿಗೆ ಏನು ಉಳಿಯುತ್ತದೆಂದು ಹತ್ತನೇ ತರಗತಿಯ ಮಗುವೇ ಲೆಕ್ಕ ಹಾಕಲಿ. ಅಲ್ಲದೆ ಈ ಮಿತಿ ಕೆಲಸ ಮಾಡುವುದು ಮಗು ತನ್ನ ನಿಜವಾದ ವಯಸ್ಸು ಕೊಟ್ಟಾಗ ಮಾತ್ರ. ಅಪ್ಪನ ನಂಬರಿನಲ್ಲಿ, ಅಪ್ಪನ ವಯಸ್ಸಿನಲ್ಲಿ ಆಡುವ ಮಗನನ್ನು ಕಂಪೆನಿಯ ಯಂತ್ರ ನಲುವತ್ತೈದು ವರ್ಷದ ಕೃಷಿಕನೆಂದೇ ತಿಳಿಯುತ್ತದೆ. ಮೊದಲು ನೋಡಬೇಕಾದದ್ದು ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನು.

ಮನೆಯ ಜಗಳ ಹೆಚ್ಚಾಗಿ ಏಳುವುದು ರಾತ್ರಿ ಊಟದ ಹೊತ್ತಿಗೆ. "ಊಟಕ್ಕೆ ಬಾ ಮಗ." "ಐದು ನಿಮಿಷ ಅಮ್ಮ." ಐದು ಇಪ್ಪತ್ತೈದಾಗುತ್ತದೆ, ಸಾರು ತಣಿಯುತ್ತದೆ, ಅಪ್ಪ ಮೊಬೈಲು ಕಸಿದುಕೊಳ್ಳುತ್ತಾರೆ, ಹುಡುಗ ಬಾಗಿಲು ಬಡಿಯುತ್ತಾನೆ. ಇಲ್ಲಿ ಹುಡುಗನ ಮಾತಿನಲ್ಲಿ ಒಂದು ಸತ್ಯವಿದೆ. ನಾಲ್ವರ ತಂಡದಲ್ಲಿ ಆಡುತ್ತಿರುವಾಗ ನಡುವೆ ಬಿಟ್ಟೆದ್ದರೆ ಉಳಿದ ಮೂವರಿಗೆ ಅನ್ಯಾಯ, ಅವನ ಅಂಕಕ್ಕೂ ಪೆಟ್ಟು. ಕಬಡ್ಡಿಯಲ್ಲಿ ರೈಡಿಗೆ ಹೋದವನನ್ನು ನಡುಗೆರೆಯಿಂದ ಯಾರೂ ಊಟಕ್ಕೆ ಕರೆಯುವುದಿಲ್ಲವಷ್ಟೆ? ಅಮ್ಮನ ಮಾತಿನಲ್ಲಿಯೂ ಸತ್ಯವಿದೆ: ಐದು ನಿಮಿಷ ಎಂದದ್ದು ಸುಳ್ಳು.

ಆದ್ದರಿಂದ ಗಡಿಯಾರದ ಬದಲು ಪಂದ್ಯದ ಲೆಕ್ಕ ಹಿಡಿಯುವುದು ಮೇಲು. ಇರಾಂಗೆಲ್ ಎಂದರೆ ಅರ್ಧ ಗಂಟೆ, ಸಣ್ಣ ಭೂಪಟ ಎಂದರೆ ಎಂಟು ಹತ್ತು ನಿಮಿಷ. ಎಂಟೂವರೆಗೆ ಊಟವಾದರೆ ಎಂಟರ ಮೇಲೆ ದೊಡ್ಡ ಪಂದ್ಯ ಆರಂಭಿಸಕೂಡದು. ಎಂಟು ಕಾಲಿಗೆ ಬೇಕಿದ್ದರೆ ಸಣ್ಣದೊಂದು. ರಜೆಯ ದಿನ ಎರಡು ದೊಡ್ಡದು, ಶಾಲೆಯ ದಿನ ಒಂದು ಎಂದು ಮೊದಲೇ ಒಪ್ಪಂದವಾಗಲಿ. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ಸೋತ ಮೇಲಿನ "ಇನ್ನೊಂದು" ಎಲ್ಲಕ್ಕಿಂತ ಕೆಟ್ಟದ್ದು. ಒಪ್ಪಂದ ಮಾಡುವ ಮೊದಲು ಅಪ್ಪನೋ ಅಮ್ಮನೋ ಒಂದು ಪಂದ್ಯವನ್ನು ಮಗನ ಪಕ್ಕ ಕುಳಿತು ಮೊದಲಿನಿಂದ ಕೊನೆಯವರೆಗೆ ನೋಡಬೇಕು. ಅದೇನೂ ಸುಖದ ಕೆಲಸವಲ್ಲ. ಆದರೆ ನೋಡಿದವರ ಮಾತಿಗೆ ಹುಡುಗರು ಕೊಡುವ ಬೆಲೆ ಬೇರೆ. "ಅಪ್‌ಡೇಟಿನಲ್ಲಿ ಏನು ಬಂತು, ಯಾಕೆ ಹಾಗೆ ಮಾಡಿದ್ದಾರೆ?" ಎಂದು ಕೇಳಿದರೆ ಅರ್ಧ ಗಂಟೆ ವಿವರಿಸುವ ಮಗ, "ಇವತ್ತು ಶಾಲೆಯಲ್ಲಿ ಏನಾಯಿತು?" ಎಂಬ ಪ್ರಶ್ನೆಗೆ "ಏನಿಲ್ಲ" ಎನ್ನುವವನೇ.

ಇಷ್ಟಕ್ಕೂ ಬಗ್ಗದ ಮಕ್ಕಳಿದ್ದಾರೆ. ಆಟ ನಿಲ್ಲಿಸಲು ತನ್ನಿಂದಾಗದು ಎಂಬ ಸ್ಥಿತಿ, ಊಟ ಓದು ಗೆಳೆಯರೆಲ್ಲ ಆಟದ ಹಿಂದೆ ಸರಿಯುವುದು, ಕೆಡುಕಾಗುತ್ತಿದೆಯೆಂದು ಕಂಡರೂ ಮುಂದುವರಿಸುವುದು, ಈ ಮೂರೂ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಕಂಡುಬಂದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಒಂದು ಕಾಯಿಲೆಯೆಂದೇ ಗುರುತಿಸುತ್ತದೆ. 2019ರಲ್ಲಿ ಒಪ್ಪಿದ ಈ ಪಟ್ಟಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಇಂಥವರಿಗಾಗಿ 'ಶಟ್' ಎಂಬ ಪ್ರತ್ಯೇಕ ಚಿಕಿತ್ಸಾಲಯ ತೆರೆದಿದೆ. ಬೆಂಗಳೂರು ದೂರವೆನಿಸಿದರೆ ಟೆಲಿ-ಮಾನಸ್ ಎಂಬ ಸರಕಾರದ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ ಮಾತಾಡಬಹುದು. ದಿನಕ್ಕೊಂದು ಪಂದ್ಯ ಆಡಿ ಎದ್ದು ಬರುವ ಮಗುವಿಗೆ ಮಾತ್ರ ಈ ಹೆಸರು ಅಂಟಿಸಬಾರದು.

ವಿದ್ಯಾರ್ಥಿಗಳಿಗೆ ಈ ವಾರದ ಲೆಕ್ಕ: ಒಂದು ಬಂದೂಕಿನ ಪೆಟ್ಟು 50. ಅಪ್‌ಡೇಟಿನಲ್ಲಿ ಅದನ್ನು 52 ಮಾಡಿದರು. ಜಾಹೀರಾತಿನಲ್ಲಿ 'ಇನ್ನಷ್ಟು ಬಲಶಾಲಿ' ಎಂದು ಹಾಕಿದರು. ಹೆಲ್ಮೆಟ್ ಇಲ್ಲದವನು ಮತ್ತು ಮೂರು ದರ್ಜೆಯ ಹೆಲ್ಮೆಟ್ ಧರಿಸಿದವರು, ಈ ನಾಲ್ವರಲ್ಲಿ ಯಾರಿಗೆ ನಷ್ಟವಾಯಿತು? ಇನ್ನೊಂದು ಅಪ್‌ಡೇಟಿನಲ್ಲಿ ಅದನ್ನು 56 ಮಾಡಿದರೆ? ಉತ್ತರ ಮುಂದಿನ ವಾರ. ಮೊಬೈಲಿನ ಕ್ಯಾಲ್ಕುಲೇಟರ್ ಬಳಸಬಾರದು.